ಗಂಗವ್ವನ ಮುಂದಿನ ಚಪ್ಪಲಿ

ತಂತಿಯ ತುದಿಯ ಪ್ಲಾಸ್ಟಿಕ್ಕನ್ನು ನಾನು ಹಲ್ಲಿನಿಂದ ಕಚ್ಚಿ ಎಳೆದಾಗ ಗೋಕಾಕದ ಗುತ್ತಿಗೆದಾರ ಏಣಿಯ ಮೇಲಿಂದಲೇ ಚೀರಿದ.

"ಕಾಕಾ, ಬಾಯಾಗಿಂದ ತಗೀರಿ ಅದನ್ನ! ಅದು ದಾರ ಅಲ್ರಿ, ವಾಯರ್!"

ತಪ್ಪು ನನ್ನದಲ್ಲ, ಹಲ್ಲಿನದು. ಅರ್ಧ ಆಯುಷ್ಯ ಮೂಡಲಗಿಯಲ್ಲಿ ಹೊಲಿಗೆ ಅಂಗಡಿ ನಡೆಸಿದವನ ಹಲ್ಲಿಗೆ ಒಂದು ಕೆಲಸ ಮುಗಿಯಿತೆಂದರೆ ಏನನ್ನಾದರೂ ಕಚ್ಚಿ ಕತ್ತರಿಸಬೇಕು ಎನಿಸುತ್ತದೆ. ಊರಿನವರೆಲ್ಲ ರೆಡಿಮೇಡ್ ತೊಡತೊಡಗಿ ನನ್ನ ಅಂಗಡಿಯ ಬಾಗಿಲು ಬಿದ್ದ ಮೇಲೆ, ನಲವತ್ತೇಳನೆಯ ವಯಸ್ಸಿಗೆ ಗೋಕಾಕದಲ್ಲಿ ವೈರಿಂಗ್ ತರಬೇತಿಗೆ ಸೇರಿದ್ದೆ. ಮೊದಲ ದಿನ ತರಗತಿಗೆ ಕಾಲಿಟ್ಟಾಗ ಹುಡುಗರೆಲ್ಲ ಎದ್ದು ನಿಂತು ನಮಸ್ಕಾರ ಮಾಡಿದರು. ನಾನು ಹಿಂದಿನ ಬೆಂಚಿಗೆ ಹೋಗಿ ಕುಳಿತಾಗ ಬಿದ್ದು ಬಿದ್ದು ನಕ್ಕರು. ಅಂದಿನಿಂದ ನನ್ನ ಹೆಸರು ಮಾಸ್ತರ.

"ಸೂಜಿಗೆ ದಾರ ಪೋಣಿಸಾಕ ಚಷ್ಮಾ ಬೇಕು, ಇವ್ರು ಕಂಬ ಏರ್ತಾರಂತ," ಎಂದು ಮನೆಯಲ್ಲಿ ಹೆಂಡತಿ ಪಾತ್ರೆಗಳಿಗೆ ಹೇಳುತ್ತಿದ್ದಳು. ನನಗೆ ಕಂಬದ ಚಿಂತೆ ಇರಲಿಲ್ಲ. ಕರೆಂಟಿನ ಭಯ ಇತ್ತು. ಅಂಗಿ ತಪ್ಪಾದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಇಲ್ಲಿ ತಪ್ಪಾದರೆ ಬಿಚ್ಚಲು ಯಾರೂ ಉಳಿಯುವುದಿಲ್ಲ ಎಂಬುದು ತರಗತಿಯ ಮೊದಲ ವಾರದಲ್ಲೇ ಮನಸ್ಸಿಗೆ ಇಳಿದಿತ್ತು.

ತರಬೇತಿ ಮುಗಿಸಿ, ವೈರಿಂಗ್ ಕೆಲಸದ ಪರ್ಮಿಟ್ಟಿನ ಪರೀಕ್ಷೆಗೆ ಮುಂಚೆ ಅನುಭವ ಬೇಕೆಂದು ಈ ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದೆ. ಬೇಸಿಗೆಯಲ್ಲಿ ಅವನಿಗೆ ಗೋಕಾಕದ ಮದುವೆ ಮಂಟಪವೊಂದರ ದೊಡ್ಡ ಕೆಲಸ ಸಿಕ್ಕಿತು. ಹುಕ್ಕೇರಿ ತಾಲ್ಲೂಕಿನ ಕಣಗಲಾದ ಹತ್ತಿರ ಒಂದು ತೋಟದ ಮನೆಗೆ ಹೊಸ ವೈರಿಂಗ್ ಮಾಡುವುದಿತ್ತು. ಅದಕ್ಕೆ ನನ್ನೊಬ್ಬನನ್ನೇ ಕಳಿಸಿದ. "ಸಣ್ಣ ಕೆಲಸ ಕಾಕಾ. ಹಲ್ಲಷ್ಟ ಜೋಪಾನ," ಎಂದ.

ಹೆದ್ದಾರಿಯಿಂದ ಒಳಗೆ ನಡೆದರೆ ಕಬ್ಬಿನ ನಡುವೆ ಎರಡು ಮನೆಗಳು. ಅಣ್ಣನದೊಂದು, ತಮ್ಮನದೊಂದು. ಅವರ ಅಜ್ಜ ಕುರಿ ಹಿಂಡಿನ ಜೊತೆ ಊರೂರು ತಿರುಗಿದವನು. ಮೊಮ್ಮಕ್ಕಳು ಹೊಲ ಮಾಡಿ ನೆಲೆ ನಿಂತಿದ್ದರು. ಅಣ್ಣ ಎಮ್ಮೆಗಳನ್ನು ಕಟ್ಟಿದ್ದ, ತಮ್ಮ ಕುರಿ ಉಳಿಸಿಕೊಂಡಿದ್ದ. ಪಾಲಾದ ಮೇಲೆ ಅಣ್ಣತಮ್ಮಂದಿರಿಗೆ ಮಾತಿಲ್ಲ. ಆದರೆ ಬೋರ್‌ವೆಲ್ ಎರಡಾಗುವುದಿಲ್ಲವಲ್ಲ. ಅದು ಅಣ್ಣನ ಪಾಲಿನ ಹೊಲದಲ್ಲಿತ್ತು. ಅಲ್ಲಿಂದ ಕಬ್ಬಿಣದ ಪೈಪು ಎರಡೂ ಮನೆಗೆ ಹೋಗುತ್ತಿತ್ತು. ನೀರಿಗೆ ಪಾಳಿ: ಒಂದು ದಿನ ಅವರು ವಾಲ್ವ್ ತಿರುಗಿಸಿಕೊಳ್ಳಬೇಕು, ಮರುದಿನ ಇವರು. ಆ ಪೈಪಿಗೆ ಕೈ ಹಚ್ಚಬೇಕಾದರೆ ಇಬ್ಬರೂ ನಿಂತಿರಬೇಕೆಂದು ಹಿರಿಯರು ಪಾಲಿನ ದಿನವೇ ಹೇಳಿದ್ದರಂತೆ.

ನನ್ನ ಕೆಲಸ ತಮ್ಮನ ಮನೆಯಲ್ಲಿ. ನನ್ನ ಹೆಸರು, ಹಳೆಯ ಕಸುಬು ಎರಡನ್ನೂ ಗುತ್ತಿಗೆದಾರ ಫೋನಿನಲ್ಲಿ ಮೊದಲೇ ಹೇಳಿದ್ದ. ಚೀಲ ಇಳಿಸುವುದರೊಳಗೆ ಅವನ ಹೆಂಡತಿ ಬಂದು ನಿಂತಳು.

"ಮಾಸ್ತರ, ನಳಾ ಮುಟ್ಟಿದ್ರ ಮೈ ಜುಮ್ ಅಂತೈತ್ರಿ. ಮೊದಲ ಅದನ್ನ ನೋಡ್ರಿ."

ತಮ್ಮ ನಕ್ಕ. "ಆಕಿಗೆ ನರದ ವೀಕ್‌ನೆಸ್ ಐತ್ರಿ. ಹುಕ್ಕೇರಿ ಡಾಕ್ಟರಿಗೆ ತೋರಿಸೀವಿ. ಟಾನಿಕ್ ಕೊಟ್ಟಾರ."

"ಟಾನಿಕ್ ನಾ ಕುಡದೇನಿ. ನಳಾ ಕುಡದಿಲ್ಲ," ಎಂದಳು ಆಕೆ. ನಗಲಿಲ್ಲ.

ಟಾನಿಕ್ಕಿನ ಬಾಟಲಿ ಬಚ್ಚಲಿನ ಕಿಟಕಿಯಲ್ಲೇ ಇತ್ತು, ಅರ್ಧ ಖಾಲಿ. ನಳಕ್ಕೆ ಟೆಸ್ಟರ್ ಹಿಡಿದೆ. ಅದರ ದೀಪ ಹತ್ತಲಿಲ್ಲ. ಮಧ್ಯಾಹ್ನದ ಬಿಸಿಲು, ಎಲ್ಲ ಸುಮ್ಮನಿತ್ತು. ನಾನೂ ಮನಸ್ಸಿನಲ್ಲಿ ಗಂಡನ ಕಡೆಗೇ ವಾಲಿದೆ. "ಏನೂ ಇಲ್ರವ್ವಾ," ಎಂದೆ.

"ಸಂಜಿಕ್ಕ ನೋಡ್ರಿ. ಕುರಿನೂ ಸಂಜಿಕ್ಕ ನೀರು ಕುಡಿಯಾಕ ಒಲ್ಲೆ ಅಂತಾವ. ಅವಕ್ಕೂ ನರದ ವೀಕ್‌ನೆಸ್ ಏನ್ರಿ?"

ಸಂಜೆ ಹಿಂಡು ಬಂತು. ಅದೇ ಪೈಪಿನ ನೀರು ಬೀಳುವ ಸಿಮೆಂಟಿನ ಡೋಣಿಯತ್ತ ಕುರಿಗಳು ಓಡಿದವು. ಮುಂದಿನದು ಬಾಯಿ ಇಟ್ಟಿತು, ತಲೆ ಕೊಡವಿತು, ಹಿಂದೆ ಸರಿಯಿತು. ಇಡೀ ಹಿಂಡು ನೀರು ನೋಡುತ್ತ ಒದರತೊಡಗಿತು. "ನೀರಾಗ ಸುಣ್ಣ ಹೆಚ್ಚಾಗೈತಿ," ಎಂದ ತಮ್ಮ. ನಾನು ಬಚ್ಚಲಿಗೆ ಹೋಗಿ ನಳಕ್ಕೆ ಮತ್ತೆ ಟೆಸ್ಟರ್ ಹಿಡಿದೆ. ಈ ಸಲ ಅದರೊಳಗಿನ ಕೆಂಪು ದೀಪ ಹತ್ತಿತು.

ತಮ್ಮ ನಂಬಲಿಲ್ಲ. ಟೈರಿನ ತಳದ ದಪ್ಪ ಚಪ್ಪಲಿಯಲ್ಲೇ ಬಂದು ನಳ ಹಿಡಿದು, "ಏನೂ ಆಗವಲ್ದಲ್ರಿ," ಎಂದ. ಚಪ್ಪಲಿ ಬಿಟ್ಟು ಹಿಡಿಯಿರಿ ಎಂದೆ. ಬರಿಗಾಲನ್ನು ಒದ್ದೆ ಕಲ್ಲಿನ ಮೇಲಿಟ್ಟು ಹಿಡಿದವನು ಥಟ್ಟನೆ ಕೈ ಎಳೆದುಕೊಂಡ. ಹೆಂಡತಿಯ ಕಾಲುಗಳನ್ನೇ ನೋಡುತ್ತ ನಿಂತ.

ಈ ಮನೆಯಲ್ಲಿ ನೀರು ಮುಟ್ಟುವವಳು ಅವಳು. ದಿನಕ್ಕೆ ಎಷ್ಟು ಸಲ ಆ ನಳ ಹಿಡಿಯುತ್ತಿದ್ದಳೋ. ಒಂದು ದಿನ ಜುಮ್ ಎನ್ನುವುದು ಜುಮ್ ಎನ್ನುವುದಕ್ಕೇ ನಿಲ್ಲದಿದ್ದರೆ ಎಂದು ಯೋಚಿಸುತ್ತಲೇ ಬೋರ್ಡಿನತ್ತ ನಡೆದೆ.

ಕಲಿತದ್ದನ್ನು ಕಲಿತ ಕ್ರಮದಲ್ಲೇ ಮಾಡಿದೆ. ಮೇನ್ ಸ್ವಿಚ್ ಬಂದ್ ಮಾಡಿದೆ. ನಳದಲ್ಲಿ ದೀಪ ಹತ್ತುತ್ತಲೇ ಇತ್ತು. ಫ್ಯೂಸ್ ಕಿತ್ತೆ. ಹತ್ತುತ್ತಿತ್ತು. ಕೊನೆಗೆ ಮೀಟರಿನಿಂದ ಮನೆಗೆ ಬರುವ ಎರಡೂ ತಂತಿಗಳನ್ನು ಬಿಚ್ಚಿ ಗಾಳಿಯಲ್ಲಿ ಬಿಟ್ಟೆ. ಮನೆಯಲ್ಲಿ ಒಂದು ಹನಿ ಕರೆಂಟಿಲ್ಲ, ನಳದಲ್ಲಿ ಇದೆ. ಪುಸ್ತಕದಲ್ಲಿ ಇದರ ಮುಂದಿನ ಪುಟ ಇರಲಿಲ್ಲ.

ಗುತ್ತಿಗೆದಾರನಿಗೆ ಫೋನ್ ಮಾಡಿದೆ. ಹಿಂದೆ ಮಂಟಪದ ಡ್ರಿಲ್ ಮಷೀನು ಕಿರುಚುತ್ತಿತ್ತು. "ನಿಮ್ಮ ಟೆಸ್ಟರ್ ಖರಾಬ್ ಆಗಿರಬೇಕು ಕಾಕಾ. ಹೆಂಗೂ ಹೊಸಾ ಅರ್ಥಿಂಗ್ ಹಾಕೂದೈತಲ್ಲ, ಪೈಪಿಗೂ ಅದನ್ನ ಕೊಟ್ಟುಬಿಡ್ರಿ, ಎಲ್ಲಾ ನೆಲಕ್ಕ ಇಳದು ಹೋಕ್ಕೈತಿ," ಎಂದ. ತರಗತಿಯಲ್ಲೂ ಹಾಗೇ ಹೇಳಿದ್ದರು. ಮರುದಿನವೆಲ್ಲ ಗಟ್ಟಿ ಕಲ್ಲುಮಣ್ಣಿನ ಮೊರಂ ನೆಲ ಅಗೆದು ಗುಂಡಿ ಮಾಡಿ, ಇದ್ದಿಲು ಉಪ್ಪು ತುಂಬಿ, ಕೊಳವೆ ನಿಲ್ಲಿಸಿ, ಮನೆಯ ಅರ್ಥಿಂಗನ್ನೂ ನೀರಿನ ಪೈಪನ್ನೂ ಅದಕ್ಕೆ ಬಿಗಿದೆ. ಮೀಟರಿನ ತಂತಿ ಜೋಡಿಸಿ ಮೇನ್ ಹಾಕಿದೆ. ರಾತ್ರಿ ನಳಕ್ಕೆ ಟೆಸ್ಟರ್ ಹಿಡಿದರೆ ದೀಪ ಹತ್ತಲಿಲ್ಲ. ಸೊಂಟ ನೋಯುತ್ತಿತ್ತು, ಆದರೆ ಗೆದ್ದೆನೆಂಬ ಹೆಮ್ಮೆ ಇತ್ತು.

ಮುಂಜಾನೆ ಅಡುಗೆಮನೆಯಿಂದ ಚೀರಾಟ ಕೇಳಿತು. ಒದ್ದೆ ಕೈಯಲ್ಲಿ ಫ್ರಿಜ್ಜಿನ ಬಾಗಿಲು ಮುಟ್ಟಿ ಆಕೆ ಗೋಡೆಗೆ ಒರಗಿ ಕುಸಿದಿದ್ದಳು.

"ಮೊದಲ ನಳಾ ಒಂದ ಹಿಡೀತಿತ್ತು. ಈಗ ಮನಿ ಎಲ್ಲಾ ಹಿಡೀತೈತಲ್ರಿ ಮಾಸ್ತರ!"

ಬಣ್ಣ ಬಿಡುವ ಒಂದು ರವಿಕೆಯನ್ನು ಎಲ್ಲ ಬಟ್ಟೆಗಳ ಜೊತೆ ನೆನೆಹಾಕಿದ ಹಾಗೆ ಮಾಡಿದ್ದೆ ನಾನು. ಆ ಒಣ ನೆಲದಲ್ಲಿ ನನ್ನ ಗುಂಡಿ ಏನನ್ನೂ ಇಳಿಸಿಕೊಂಡಿರಲಿಲ್ಲ. ಪೈಪಿನಲ್ಲಿದ್ದುದು ಅರ್ಥಿಂಗಿನ ತಂತಿ ಹಿಡಿದು ಫ್ರಿಜ್ಜು, ಇಸ್ತ್ರಿಪೆಟ್ಟಿಗೆ, ಮನೆಯ ಲೋಹಕ್ಕೆಲ್ಲ ಹರಡಿತ್ತು. "ಟೇಲರ್ ಕೈಯಾಗ ಮನಿ ಕೊಟ್ಟು ಕುಂತೇವಲ್ಲ," ಎಂದು ತಮ್ಮ ನನಗೆ ಕೇಳಿಸುವಂತೆಯೇ ಅಂದ. ಜೋಡಣೆಯನ್ನೆಲ್ಲ ಬಿಚ್ಚಿ, ಮೀಟರಿನಿಂದ ಮತ್ತೆ ತಂತಿ ತೆಗೆದು, ನಳಕ್ಕೆ ವೋಲ್ಟೇಜ್ ಅಳೆಯುವ ನನ್ನ ಕೈಮೀಟರಿನ ಕಡ್ಡಿ ಹಚ್ಚಿ ಬಚ್ಚಲ ಹೊಸ್ತಿಲಲ್ಲಿ ಕುಳಿತೆ. ಮೂಡಲಗಿಗೆ ಹೋಗಿ ಹಳೆ ಮಷೀನಿನ ಮುಂದೆ ಕೂರೋಣ ಎನಿಸಿತು.

ಆಗ ಕಿವಿಗೆ ಬಿತ್ತು. ಅಣ್ಣನ ಕಡೆಯಿಂದ ಮೇವು ಕತ್ತರಿಸುವ ಯಂತ್ರದ ಸದ್ದು. ಅದು ನಿಂತಿತು. ಕೈಮೀಟರಿನ ಅಂಕಿ ಸೊನ್ನೆಯತ್ತ ಇಳಿಯಿತು. ಯಂತ್ರ ಮತ್ತೆ ಗರ್ ಅಂದಿತು, ಅಂಕಿ ಏರಿತು. ನಾನು ಇನ್ನೂ ಒಂದೆರಡು ಸಲ ನೋಡಿದೆ. ಮುಂಜಾನೆ, ಸಂಜೆ, ಎಮ್ಮೆ ಹಿಂಡುವ ಹೊತ್ತಿಗೆ ಮೇವು ಕತ್ತರಿಸುತ್ತಾರೆ. ಇಲ್ಲಿ ಆಕೆ ನೀರು ಹಿಡಿಯುವುದೂ ಅದೇ ಹೊತ್ತಿಗೆ.

ಪೈಪಿನ ಜಾಡು ಹಿಡಿದು ಬೋರ್‌ವೆಲ್ಲಿನ ತನಕ ನಡೆದೆ. ಎಲ್ಲ ಕಣ್ಣೆದುರಿಗೇ ಇತ್ತು. ಮೇವಿನ ಯಂತ್ರದಂಥದ್ದಕ್ಕೆ ಕರೆಂಟು ಬರಲು ಒಂದು ತಂತಿ, ತಿರುಗಿ ಹೋಗಲು ಒಂದು ತಂತಿ ಬೇಕು. ಮೂರು ಫೇಸಿನ ಹೊಲದ ಪಂಪಿಗೆ ಅದು ಬೇಡ, ಹಾಗಾಗಿ ಅದರ ಲೈನಿನಲ್ಲಿ ಆ ತಿರುಗಿ ಹೋಗುವ ತಂತಿ ಇರುವುದಿಲ್ಲ. ನಮ್ಮ ಕಡೆಯ ಜನ ಅದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ, ನೆಲವನ್ನೇ ತಂತಿ ಮಾಡಿಕೊಳ್ಳುವುದು. ಅಣ್ಣ ಬಿಲ್ ಬಾರದ ಪಂಪಿನ ಡಬ್ಬಿಯಿಂದ ಒಂದು ತಂತಿ ಎಳೆದು ಮೇವಿನ ಯಂತ್ರಕ್ಕೆ ಕೊಟ್ಟಿದ್ದ. ಯಂತ್ರದ ಇನ್ನೊಂದು ತಂತಿಯನ್ನು ತಂದು ಬೋರ್‌ವೆಲ್ಲಿನ ಕಬ್ಬಿಣದ ಕೊಳವೆಗೆ ಸುತ್ತಿದ್ದ. ನೆಲದಲ್ಲಿ ತೇವ ಇರುವ ತನಕ ಅದು ನುಂಗಿಕೊಳ್ಳುತ್ತದೆ. ಬೇಸಿಗೆಗೆ ನೆಲ ಒಣಗಿದ ಹಾಗೆ ನುಂಗಲಾರದೆ ಪೈಪಿನಲ್ಲಿ ಹಿಂದಕ್ಕೆ ಬರುತ್ತದೆ, ತಮ್ಮನ ಬಚ್ಚಲಿನ ತನಕ.

ಆ ಕೊಳವೆಗೆ ಅರಿಶಿನ ಕುಂಕುಮ ಹಚ್ಚಿತ್ತು. ಬುಡದಲ್ಲಿ ಒಡೆದ ತೆಂಗಿನಕಾಯಿ, ಬಾಡಿದ ಚೆಂಡುಹೂ. ನೀರು ಬಿದ್ದ ದಿನದಿಂದ ಎರಡೂ ಮನೆಯವರಿಗೆ ಅದು ಗಂಗವ್ವ.

ಅಣ್ಣ ಒಳ್ಳೆಯ ಮನುಷ್ಯ. ಕೂರಿಸಿ ಚಹಾ ಕೊಟ್ಟ. ನನ್ನ ಮಾತನ್ನೆಲ್ಲ ತಲೆಯಾಡಿಸಿ ಕೇಳಿದ. ಆಮೇಲೆ ಎದ್ದು, ತಮ್ಮನದೇ ಥರದ ಟೈರಿನ ದಪ್ಪ ಚಪ್ಪಲಿಯಲ್ಲಿ ಹೋಗಿ ಕೊಳವೆಯ ಮೇಲೆ ಅಂಗೈ ಊರಿ ನಿಂತ.

"ನೋಡ್ರಿ. ಏನಾತು? ಮಷೀನ್ ತಂದಾಗಿಂದ ಹಿಂಗ ಐತಿ. ಗಂಗವ್ವ ಅದಾಳ, ಏನೂ ಆಗೂದಿಲ್ಲ." ಚಪ್ಪಲಿ ಬಿಟ್ಟು ಹಿಡಿಯಿರಿ ಎಂದೆ. ಅವನು ನಕ್ಕು ಕೇಳಿದ, "ತಮ್ಮ ಕಳಿಸ್ಯಾನೇನು?"

"ಇಲ್ರಿ, ನಾನಾಗೇ ಬಂದೀನಿ."

"ಅಂವಗ ಬಾಯಿ ಐತಲ್ಲ. ಬೇಕಾದ್ರ ಅಂವನ ಬಂದು ಹೇಳಲಿ. ಈಗಿಂದೀಗ ತಂತಿ ಬಿಚ್ಚತೇನಿ."

ಓಡಿ ಬಂದು ತಮ್ಮನಿಗೆ ಹೇಳಿದೆ. ಒಂದು ಮಾತು, ಒಂದೇ ಮಾತು ಸಾಕು ಎಂದೆ. ಅವನು ಕುರಿಯ ಉಣ್ಣೆಯಲ್ಲಿ ಸಿಕ್ಕ ಮುಳ್ಳು ತೆಗೆಯುತ್ತಿದ್ದ. "ಸಾಯೂದು ಬಂದ್ರೂ ನಾ ಹೋಗಿ ಕೇಳಂಗಿಲ್ರಿ," ಎಂದ. ಹಾಗಾದರೆ ಕರೆಂಟಿನ ಆಫೀಸಿಗೆ ಅರ್ಜಿ ಕೊಡಿ ಎಂದೆ. ತಲೆ ಎತ್ತಿ ಕಳ್ಳನನ್ನು ನೋಡುವಂತೆ ನನ್ನನ್ನು ನೋಡಿದ.

"ಅಣ್ಣನ ಮ್ಯಾಲ ಅರ್ಜಿ ಕೊಡ್ಲೇನ್ರಿ? ಅಂವ ನನ್ನ ಒಡಹುಟ್ಟಿದಾಂವ."

ಮಾತಾಡಲೂ ಒಲ್ಲರು, ದೂರಲೂ ಒಲ್ಲರು. ನನಗೆ ಸಿಟ್ಟು ನೆತ್ತಿಗೇರಿತು. ಬೈಯಲು ಆಗಲಿಲ್ಲ, ಮತ್ತೊಬ್ಬರ ಮನೆ. ಸಾಯುವುದು ಬಂದರೆ ಬರುವುದು ಇವನಿಗಲ್ಲ, ಒಳಗೆ ರೊಟ್ಟಿ ಬಡಿಯುತ್ತಿದ್ದ ಆಕೆಗೆ. ಗುತ್ತಿಗೆದಾರನಿಗೆ ಮತ್ತೆ ಫೋನ್ ಹಚ್ಚಿದೆ. "ನಮ್ಮ ಕೆಲಸ ಮನಿ ಒಳಗಿಂದು ಕಾಕಾ. ಫಿಟಿಂಗ್ ಮುಗಿಸಿ ಬರ್ರಿ. ಅಣ್ಣತಮ್ಮರ ನಡುವ ವಾಯರ್ ಎಳಿಯಾಕ ಹೋಗಬ್ಯಾಡ್ರಿ," ಎಂದ.

ಮಧ್ಯಾಹ್ನವೆಲ್ಲ ಎರಡು ಪಾಲಿನ ನಡುವಿನ ಗಡಿಕಲ್ಲಿನ ಹತ್ತಿರ ಪೈಪು ನೋಡುತ್ತ ಕುಳಿತೆ. ತಂತಿ ಅಣ್ಣನದು, ಕೊಳವೆ ಇಬ್ಬರದು, ಎರಡಕ್ಕೂ ನಾನು ಕೈ ಹಚ್ಚುವಂತಿಲ್ಲ. ಗಡಿಕಲ್ಲಿನ ಈಚೆಗಿನ ಪೈಪು? ಹೊಲಿಗೆಯವನ ಬುದ್ಧಿ ಎಚ್ಚರಾಯಿತು. ಕಬ್ಬಿಣ ಕತ್ತರಿಸಿ ನಡುವೆ ಒಂದು ಮಾರು ಪ್ಲಾಸ್ಟಿಕ್ ಪೈಪಿನ ತೇಪೆ ಹಾಕಿದರೆ ನೀರು ಬರುತ್ತದೆ, ಕರೆಂಟು ಬರುವುದಿಲ್ಲ. ತೇಪೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಮೂಡಲಗಿಯಲ್ಲಿ ಯಾರೂ ಇರಲಿಲ್ಲ.

ತಮ್ಮ ಒಪ್ಪಲಿಲ್ಲ. "ಪೈಪ್ ಕೊಯ್ದ್ರ ಅಣ್ಣ ಏನು ತಿಳ್ಕೊಂತಾನ? ಇಬ್ರೂ ನಿಂದ್ರಬೇಕಂತ ಮಾತಾಗೈತ್ರಿ." ನಾನು ಆಗ ಒಂದು ನಿರ್ಧಾರ ಮಾಡಿದೆ. ಪೈಪು ಕತ್ತರಿಸದ ಹೊರತು ಮೀಟರಿನ ತಂತಿ ಜೋಡಿಸುವುದಿಲ್ಲ ಎಂದೆ. ಜೀವನದಲ್ಲಿ ಗಿರಾಕಿಗೆ ಎದುರಾಡಿದವನಲ್ಲ, ಅಂದು ಆಡಿದೆ. ಅವನು ಕೂಗಾಡಿದ. ಬೇರೆಯವರನ್ನು ಕರೆಸುತ್ತೇನೆ ಎಂದ. ಅವನ ಫೋನು ಚಾರ್ಜಿಲ್ಲದೆ ಸತ್ತಿತ್ತು, ಫ್ಯಾನು ನಿಂತಿತ್ತು. ಮರುದಿನವೂ ಹಾಗೇ ಸೆಕೆಯಲ್ಲಿ ಬೆಂದೆವು. ಆ ಮನೆಯ ಅನ್ನ ಉಣ್ಣಲು ನನಗೆ ನಾಚಿಕೆಯಾಗುತ್ತಿತ್ತು.

ಕೊನೆಗೆ ತಮ್ಮನ ಹೆಂಡತಿ ಗುದ್ದಲಿ ತೆಗೆದುಕೊಂಡು ಹೋಗಿ ಗಡಿಕಲ್ಲಿನ ಈಚೆ ತಾನೇ ಅಗೆಯತೊಡಗಿದಳು. ಪೈಪು ಕಾಣಿಸುವ ತನಕ ತಮ್ಮ ದೂರ ನಿಂತು ನೋಡಿದ. ಆಮೇಲೆ ಬಂದು ಅವಳ ಕೈಯಿಂದ ಗುದ್ದಲಿ ತೆಗೆದುಕೊಂಡ.

ಪೈಪು ಕತ್ತರಿಸಿ ತೇಪೆ ಹಾಕಿ ಮುಗಿಸಿದೆ. ಆ ಸಂಜೆ ಅಣ್ಣನ ಯಂತ್ರ ಗರ್ ಎನ್ನುತ್ತಿರುವಾಗಲೇ ನಾನು ನಳಕ್ಕೆ ಕೈಮೀಟರು ಹಚ್ಚಿದೆ. ಸೊನ್ನೆ. ಕುರಿಗಳು ಡೋಣಿಗೆ ಬಾಯಿ ಇಟ್ಟು ತಲೆ ಎತ್ತದೆ ಕುಡಿದವು. ಆಕೆ ಬರಿಗಾಲಲ್ಲಿ ಒದ್ದೆ ಕಲ್ಲಿನ ಮೇಲೆ ನಿಂತು ನಳವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಕಿಟಕಿಯ ಟಾನಿಕ್ ಬಾಟಲಿಯನ್ನು ಆಕೆ ತಿಪ್ಪೆಗೆ ಎಸೆದಳು.

ಆಮೇಲೆ ನನ್ನತ್ತ ತಿರುಗಿ ಕೇಳಿದಳು. "ಇಲ್ಲಿದು ಆತ್ರಿ ಮಾಸ್ತರ. ನಾಳಿ ನಮ್ಮ ಪಾಳಿ. ಗಂಗವ್ವನ ಹಂತೇಲಿ ವಾಲ್ವ್ ತಿರುವಾಕ ನಾನ ಹೋಗಬೇಕಲ್ಲ?"

ನಾನು ಮನೆಯನ್ನಷ್ಟೇ ಯೋಚಿಸಿದ್ದೆ. ಕೊಳವೆಯ ಪಕ್ಕದ ಆ ವಾಲ್ವನ್ನು ತಿರುಗಿಸುವವರು ಎರಡೂ ಮನೆಯ ಹೆಂಗಸರು. ಗಂಗವ್ವನ ಮುಂದೆ ಅವರು ಚಪ್ಪಲಿ ದೂರ ಬಿಟ್ಟು, ಹಸಿ ನೆಲದಲ್ಲಿ ಬರಿಗಾಲಲ್ಲಿ ನಿಲ್ಲುತ್ತಾರೆ. ರಿಪೇರಿಗೆಂದು ಯಾವಾಗಲೋ ಬರುವ ಗಂಡಸರು ಮಾತ್ರ ಟೈರಿನ ಚಪ್ಪಲಿ ಬಿಡುವುದಿಲ್ಲ.

ಅಷ್ಟರಲ್ಲಿ ಅಣ್ಣನ ಹೆಂಡತಿ ಅತ್ತ ವಾಲ್ವಿಗೆ ಬಂದಿದ್ದಳು. ಅವಳ ಸೆರಗು ಹಿಡಿದುಕೊಂಡು ಪುಟ್ಟ ಮೊಮ್ಮಗಳು, ಅದೂ ಬರಿಗಾಲು. ನಾನು ಓಡಿಹೋಗಿ ತಡೆದು ಎಲ್ಲವನ್ನೂ ಹೇಳಿದೆ. ಆಕೆ ಕೊಳವೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು.

"ಇದು ಕರೆಂಟೇನ್ರಿ?" ಎಂದಳು ಮೆಲ್ಲಗೆ. "ಮೈ ಜುಮ್ ಅಂದಾಗೆಲ್ಲಾ ಗಂಗವ್ವ ಬಂದಾಳಂತ ನಾ ಕೈ ಮುಗೀತಿದ್ನಿ."

ಇಲ್ಲಿ ಬರುವಾಗ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ ಎಂದಷ್ಟೇ ಹೇಳಿದೆ. "ಗಂಗವ್ವನ ಮುಂದ ಚಪ್ಪಲಿ ಹಾಕ್ಕೊಂಡು ನಿಂದ್ರೂದೇನ್ರಿ?" ಎಂದು ಕೇಳಿದಳು. ಗಂಗವ್ವ ಏನೂ ಅಂದುಕೊಳ್ಳುವುದಿಲ್ಲ ಎಂದು ಹೇಳಲು ನಾನು ಯಾರು? ಅಣ್ಣನ ಹತ್ತಿರ ಮತ್ತೆ ಹೋದೆ. ಅವನು ಮತ್ತೆ ಚಹಾ ಕೊಟ್ಟ. ತಮ್ಮ ಬರಲಿ ಎಂದ.

ಮರುದಿನ ಮನೆಯ ತಂತಿ ಜೋಡಿಸಿ, ಕಣಗಲಾಕ್ಕೆ ಹೋಗಿ ಒಂದು ಜೊತೆ ರಬ್ಬರ್ ಚಪ್ಪಲಿ ತಂದು ಬೋರ್‌ವೆಲ್ಲಿನ ಪಕ್ಕದ ಮರದ ಗೂಟಕ್ಕೆ ತೂಗುಹಾಕಿದೆ. ನನ್ನ ಕೈಲಾದದ್ದು ಅಷ್ಟೇ. ಹುಕ್ಕೇರಿ ದಾಟಿ, ಧುಪದಾಳದ ಒಡ್ಡಿನ ನೀರು ಕಂಡಾಗಲೂ ನನಗೆ ಆ ಹಸಿ ನೆಲದ ಮೇಲಿನ ಪಾದಗಳೇ ಕಾಣುತ್ತಿದ್ದವು. ಗೋಕಾಕದಲ್ಲಿ ಇಳಿದವನಿಗೆ ಗುತ್ತಿಗೆದಾರ, "ಹಲ್ಲು ಅದಾವಲ್ರಿ?" ಎಂದು ನಕ್ಕ. ನಾನೂ ನಕ್ಕೆ.

ಮುಂದೆ ಪರೀಕ್ಷೆ ಪಾಸಾಯಿತು, ಪರ್ಮಿಟ್ ಬಂತು. ಮತ್ತೆ ಬಿಸಿಲು ಬಲಿಯುವ ಹೊತ್ತಿಗೆ ಆ ಕಡೆ ಕೆಲಸಕ್ಕೆ ಹೋದವನು ತಡೆಯಲಾರದೆ ಕಣಗಲಾದಲ್ಲಿ ಇಳಿದುಬಿಟ್ಟೆ. ದೂರದಿಂದಲೇ ಮೇವಿನ ಯಂತ್ರದ ಸದ್ದು ಕೇಳಿಸಿತು. ತಂತಿ ಇದ್ದಲ್ಲೇ ಇತ್ತು. ಕೊಳವೆಗೆ ಸುತ್ತಿದ ತುದಿಯನ್ನು ಇನ್ನಷ್ಟು ಬಿಗಿಯಾಗಿ, ಹೊಸದಾಗಿ ಸುತ್ತಿದ್ದರು.

ಅಣ್ಣ ಯಂತ್ರ ಬಂದ್ ಮಾಡಿ ನಗುತ್ತ ಬಂದ. "ನಿಮ್ಮ ಮಾತು ಕೇಳೀನಿ ನೋಡ್ರಿ," ಎಂದು ಗೂಟ ತೋರಿಸಿದ. ನನ್ನ ಚಪ್ಪಲಿ ಸವೆದು ಹೋಗಿತ್ತಂತೆ, ಅವನೇ ಹೊಸದು ತಂದಿದ್ದ. ಎರಡೂ ಮನೆಯ ಹೆಂಗಸರು ಅದನ್ನೇ ಪಾಳಿಯ ಮೇಲೆ ಹಾಕಿಕೊಳ್ಳುತ್ತಿದ್ದರು. ಪಕ್ಕದಲ್ಲಿ ನನ್ನ ಅಂಗೈಯಷ್ಟೇ ಉದ್ದದ ಇನ್ನೊಂದು ಜೊತೆ ತೂಗುತ್ತಿತ್ತು, ಕೆಂಪು ಬಣ್ಣದ್ದು.

"ಅದು ಮೊಮ್ಮಗಳದ್ರಿ. ಅಜ್ಜಿ ಬೆನ್ನ ಹಿಂದ ಓಡಿ ಬರ್ತಾಳಲ್ಲ, ಅದಕ್ಕ," ಎಂದ ಹೆಮ್ಮೆಯಿಂದ.

ತಂತಿ ತೆಗೀರಿ ಎಂದೆ. ಕೈ ಮುಗಿದು ಹೇಳಿದೆ. ಪರ್ಮಿಟ್ ತೆಗೆದು ತೋರಿಸಿದೆ ಕೂಡ. ಅವನು ಅದನ್ನು ಹಿಂದೆ ಮುಂದೆ ತಿರುವಿ ನೋಡಿ, "ಫೋಟೋ ಚಲೋ ಬಂದೈತಿ," ಎಂದು ವಾಪಸು ಕೊಟ್ಟ. "ತಮ್ಮ ಒಂದ ಮಾತು ಕೇಳಲಿ, ಇವತ್ತ ತಗೀತೇನಿ."

ಗಡಿಕಲ್ಲಿನ ಆಚೆ ತಮ್ಮ ಕುರಿಗಳ ನಡುವೆ ಬೆನ್ನು ತಿರುಗಿಸಿ ನಿಂತಿದ್ದ. ನಮ್ಮ ಮಾತು ಅವನಿಗೆ ಕೇಳಿಸುತ್ತಿತ್ತು. ಕರೆದೆ. ತಿರುಗಲಿಲ್ಲ.

ಪುಟ್ಟ ಚಪ್ಪಲಿಯನ್ನು ಕೈಗೆ ತೆಗೆದುಕೊಂಡೆ. ಒಂದರ ರೆಕ್ಸಿನ್ ಪಟ್ಟಿ ಕಿತ್ತು, ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಮಗು ಓಡಿ ಬಂದರೆ ಕಾಲಿನಿಂದ ಕಳಚಿ ಹಿಂದೆ ಉಳಿಯುವಂತಿತ್ತು. ನನ್ನ ಚೀಲದಲ್ಲಿ ಟೆಸ್ಟರು, ಮೀಟರು, ಇಕ್ಕಳ ಎಲ್ಲ ಇದ್ದವು. ನಾನು ಅಣ್ಣನ ಹೆಂಡತಿಯನ್ನು ಕೂಗಿ ಸೂಜಿ ದಾರ ಕೇಳಿದೆ.

ಬೇವಿನ ನೆರಳಲ್ಲಿ ಕುಳಿತು ಕನ್ನಡಕ ಹಾಕಿಕೊಂಡು ಪಟ್ಟಿಗೆ ಎರಡೆರಡು ಸಾಲು ಹೊಲಿಗೆ ಹಾಕಿದೆ. ಅಣ್ಣ ಮತ್ತೆ ಯಂತ್ರ ಹಚ್ಚಿದ. ಪಟ್ಟಿ ಎಳೆದು ನೋಡಿದೆ, ಗಟ್ಟಿಯಾಗಿತ್ತು. ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿ, ಚಪ್ಪಲಿಯನ್ನು ಮಗುವಿನ ಕೈಗೆ ಎಟುಕುವಷ್ಟು ಕೆಳಗೆ, ಗೂಟಕ್ಕೆ ತೂಗುಹಾಕಿ ಬಂದೆ.